ಬೆಳ್ಳಿತೆರೆಯ ಮಾಯೆಯಿಂದ ಗಣಕದ ಪಾರದರ್ಶಕತೆಯವರೆಗೆ

ನಮ್ಮ ಶಾಲೆ ಆರಂಭವಾದಾಗ ಜತ್ತ ಡಫಳೆ ಮನೆತನದ ಸಂಸ್ಥಾನವಾಗಿತ್ತು. ಅದೇ ಕಾಲಕ್ಕೆ ಕೊಲ್ಹಾಪುರದಲ್ಲಿ ಚಲಚ್ಚಿತ್ರವೆಂಬ ಹೊಸ ಕಲೆ ಬೇರೂರುತ್ತಿತ್ತು. ಬಾಬುರಾವ್ ಪೇಂಟರ್ ಅವರು ಕ್ಯಾಮೆರಾವನ್ನು ತಾವೇ ನಿರ್ಮಿಸಿಕೊಂಡು, 1920ರಲ್ಲಿ ‘ಸೈರಂಧ್ರಿ’ ಎಂಬ ಮೂಕಿಚಿತ್ರವನ್ನು ಹೊರತಂದರು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ ಚಿತ್ರೀಕರಣಗೊಂಡದ್ದು ಬೆಂಗಳೂರಿನಲ್ಲಲ್ಲ, ಕೊಲ್ಹಾಪುರದಲ್ಲಿ. ಗಡಿಯ ಕನ್ನಡಿಗರಾದ ನಾವು ಇದನ್ನು ತುಸು ಅಭಿಮಾನದಿಂದಲೇ ಹೇಳಿಕೊಳ್ಳುತ್ತೇವೆ.

ಅಂದಿನ ಪೌರಾಣಿಕ ಚಿತ್ರಗಳಿಗೆ ದೇವತೆಗಳ ಪ್ರತ್ಯಕ್ಷ, ಅಂತರ್ಧಾನಗಳು ಬೇಕಾಗಿದ್ದವು. ಜಾದೂ ವಿದ್ಯೆಯನ್ನೂ ಬಲ್ಲ ದಾದಾಸಾಹೇಬ ಫಾಳ್ಕೆಯವರು ಇಂಥ ತಂತ್ರಗಳಿಗೆ ಹೆಸರಾಗಿದ್ದರು. ಒಮ್ಮೆ ಚಿತ್ರಿಸಿದ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮತ್ತೊಂದು ದೃಶ್ಯವನ್ನು ಚಿತ್ರಿಸಿದರೆ ಎರಡೂ ಕೂಡಿ ಮೂಡುತ್ತವೆ. ಆದರೆ ವ್ಯಕ್ತಿಯ ಮೈಯೊಳಗಿಂದ ಹಿಂದಿನ ಗೋಡೆಯೂ ಕಾಣುತ್ತದೆ. ಅದು ಕಾಣಬಾರದೆಂದಾದರೆ ವ್ಯಕ್ತಿಯ ಆಕಾರದಷ್ಟು ಭಾಗಕ್ಕೆ ಕಪ್ಪು ಮರೆ ಹಿಡಿದು, ಅಲ್ಲಿಗೆ ಬೆಳಕು ತಾಗದಂತೆ ಕಾಯಬೇಕು. ಬಹಳ ತಾಳ್ಮೆಯ ಕೆಲಸವದು.

ಆ ಮರೆಯನ್ನೇ ಅಂಕಿಯನ್ನಾಗಿ ಮಾಡಿದ್ದು ಗಣಕಯುಗ. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್ಮುಲ್ ಅವರು, ಚಿತ್ರದ ಪ್ರತಿಯೊಂದು ಬಿಂದುವಿನ ಕೆಂಪು, ಹಸಿರು, ನೀಲಿ ಅಂಕಿಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದರು. ಗ್ರೀಕ್ ಅಕ್ಷರದ ಹೆಸರಿನ ಈ ‘ಆಲ್ಫಾ’ 0 ಆದರೆ ಬಿಂದು ಪೂರ್ಣ ಪಾರದರ್ಶಕ, 1 ಆದರೆ ಪೂರ್ಣ ಅಪಾರದರ್ಶಕ. 1984ರಲ್ಲಿ ಲ್ಯೂಕಾಸ್‌ಫಿಲ್ಮ್‌ನ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಅವರು ಚಿತ್ರಗಳನ್ನು ಒಂದರ ಮೇಲೊಂದಿರಿಸುವ ಗಣಿತವನ್ನು ಶಾಸ್ತ್ರಬದ್ಧವಾಗಿ ಪ್ರಕಟಿಸಿದರು. ಈ ನಾಲ್ವರನ್ನೂ 1996ರಲ್ಲಿ ಆಸ್ಕರ್ ಸಂಸ್ಥೆಯು ಗೌರವಿಸಿತು.

“ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಕಂಪ್ಯೂಟರ್ ಕಲಿಯಬಲ್ಲದೇ?” ಎಂದು ಪಾಲಕರು ನಮ್ಮನ್ನು ಕೇಳುತ್ತಲೇ ಇರುತ್ತಾರೆ, ಕೆಲವರು ಉತ್ತರಕ್ಕೆ ಕಾಯದೆ ದಾಖಲೆಪತ್ರ ಒಯ್ಯುತ್ತಾರೆ. ಈ ವಿದ್ಯೆಯ ಮೂಲದಲ್ಲಿರುವುದು ಬಾಲಭಾರತಿಯ ಕನ್ನಡ ಗಣಿತ ಪುಸ್ತಕದಲ್ಲಿರುವ ದಶಾಂಶದ ಗುಣಾಕಾರವೇ. ಮೇಲಿನ ಬಣ್ಣವನ್ನು ಆಲ್ಫಾದಿಂದ, ಕೆಳಗಿನ ಬಣ್ಣವನ್ನು 1ರಲ್ಲಿ ಆಲ್ಫಾ ಕಳೆದುಳಿದ ಸಂಖ್ಯೆಯಿಂದ ಗುಣಿಸಿ ಕೂಡಿಸಬೇಕು, ಅಷ್ಟೆ. ಹಳದಿಯೆಂದರೆ ಕೆಂಪು 255, ಹಸಿರು 255, ನೀಲಿ 0. ಅದರ ಮೇಲೆ 0.4 ಆಲ್ಫಾ ಇರುವ ಶುದ್ಧ ಕೆಂಪನ್ನು ಇರಿಸೋಣ. ಕೆಂಪು 255 ಆಗಿಯೇ ಉಳಿಯುತ್ತದೆ. ಹಸಿರು 255ರ 0.6 ಪಟ್ಟು, ಎಂದರೆ 153ಕ್ಕೆ ಇಳಿಯುತ್ತದೆ. ಪರದೆಯ ಮೇಲೆ ಮೂಡುವುದು ಕೇಸರಿ! ಇದನ್ನೇ ತಿರುವಿ, ಕೆಂಪಿನ ಮೇಲೆ ಅಷ್ಟೇ ಆಲ್ಫಾದ ಹಳದಿಯನ್ನಿಟ್ಟರೆ ಹಸಿರು 102 ಮಾತ್ರ, ಕೇಸರಿ ಇನ್ನೂ ಗಾಢ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದರಿಂದ ಫಲ ಬದಲಾಗುತ್ತದೆ.

ಚಿತ್ರಕಲೆಯ ಶಿಕ್ಷಕರು ಮಾತ್ರ ಇಲ್ಲಿ ಆಕ್ಷೇಪವೆತ್ತಬಹುದು. ಹಳದಿ, ನೀಲಿ ಬೆರೆತರೆ ಹಸಿರೆಂದು ಅವರು ಕಲಿಸುತ್ತಾರೆ. ಗಣಕದಲ್ಲಿ ಎರಡನ್ನೂ ಸಮನಾಗಿ ಬೆರೆಸಿದರೆ ಮೂರೂ ಅಂಕಿಗಳು ಅರ್ಧಕ್ಕೆ ಬಂದು ಬೂದುಬಣ್ಣ ಕಾಣುತ್ತದೆ. ಎರಡೂ ಸರಿಯೇ. ಕುಂಚದ ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲವನ್ನು ಹೀರಿ ಉಳಿದುದನ್ನು ಹೊರಚೆಲ್ಲುತ್ತದೆ. ಹಳದಿ ನೀಲಿಗಳೆರಡೂ ಹೀರದೆ ಬಿಡುವುದು ಹಸಿರನ್ನು. ಗಣಕದ ಸೂತ್ರವಾದರೋ ಅಂಕಿಗಳ ಸರಾಸರಿಯನ್ನಷ್ಟೇ ತೆಗೆಯುತ್ತದೆ.