ಅಲಗಿನ ಆಯ್ಕೆ: ಒಡೆದ ಬಾಟಲಿಯ ಗಾಜಿನಿಂದ ಅರಳುವ ಉಕ್ಕಿನವರೆಗೆ

ಸುಮಾರು ನೂರು ವರ್ಷಗಳ ಹಿಂದೆ ಕ್ಯಾಲಿಫೋರ್ನಿಯದ ಸರ್ಜನ್ ಸ್ಯಾಕ್ಸ್‌ಟನ್ ಪೋಪ್ ಒಂದು ಪೆಟ್ಟಿಗೆ ಮಾಡಿಸಿದ. ಅದರ ಎರಡು ಬದಿಗೆ ಜಿಂಕೆಯ ಹಸಿ ಚರ್ಮ ಬಿಗಿದು, ಒಳಗೆ ದನದ ಲಿವರ್ ತುಂಬಿಸಿದ. ಎಲುಬೊಂದನ್ನು ಬಿಟ್ಟರೆ ಅದು ಪ್ರಾಣಿಯ ದೇಹವೇ. ಹತ್ತು ಗಜ ದೂರದಲ್ಲಿ ನಿಂತು, ಹೆಚ್ಚು ಬಲವಿಲ್ಲದ ಬಿಲ್ಲಿನಿಂದ ಎರಡು ಬಗೆಯ ಬಾಣಗಳನ್ನು ಅದಕ್ಕೆ ಬಿಟ್ಟು ನೋಡಿದ. ತೂಕ, ಉದ್ದ, ಗರಿ ಎಲ್ಲದರಲ್ಲೂ ಅವು ಒಂದೇ ತರಹದವು. ಒಂದರ ತುದಿಯಲ್ಲಿ ಉಕ್ಕಿನ ಅಲಗು, ಇನ್ನೊಂದರ ತುದಿಯಲ್ಲಿ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿಯ ಕಪ್ಪು ಗಾಜಿನ ಅಲಗು. ಉಕ್ಕಿನದು ಪ್ರತಿಸಲವೂ 22 ಇಂಚು ಒಳಹೊಕ್ಕಿತು. ಗಾಜಿನದು 30 ಇಂಚು.

ಉಕ್ಕೇ ಮೇಲು ಎಂದುಕೊಂಡಿದ್ದವರಿಗೆ ಈ ಫಲ ಅನಿರೀಕ್ಷಿತ. ಪೋಪ್ ಇದಕ್ಕೆ ಕೊಟ್ಟ ಕಾರಣ ಸರಳವಾಗಿತ್ತು. ಚಕ್ಕೆ ಎಬ್ಬಿಸಿ ಮಾಡಿದ ಗಾಜಿನ ಅಂಚು ಸಣ್ಣ ಸಣ್ಣ ಅಲೆಗಳಂತಿರುತ್ತದೆ. ಬ್ರೆಡ್ ಕೊಯ್ಯುವ ಅಲೆಯಂಚಿನ ಚಾಕುವಿನಂತೆ ಅದು ಸಲೀಸಾಗಿ ಕೊಯ್ಯುತ್ತದೆ. ಆ ಎರಡೂ ಬಾಣಗಳನ್ನು ಮಾಡಿದವನು ಒಬ್ಬನೇ. ಅವನನ್ನು ಎಲ್ಲರೂ ಇಶಿ ಎಂದು ಕರೆಯುತ್ತಿದ್ದರು.

ಅದು ಅವನ ಹೆಸರಲ್ಲ. ಯಾನಾ ಭಾಷೆಯಲ್ಲಿ ಇಶಿ ಎಂದರೆ ‘ಮನುಷ್ಯ’ ಎಂದಷ್ಟೇ ಅರ್ಥ. ತನ್ನ ನಿಜವಾದ ಹೆಸರನ್ನು ಆತ ಯಾರಿಗೂ ಹೇಳಲಿಲ್ಲ. ಯಾಹಿ ಎಂಬ ಸಣ್ಣ ಬುಡಕಟ್ಟಿನ ಜನರನ್ನು ಬಿಳಿಯ ವಲಸಿಗರು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬೆನ್ನಟ್ಟಿ ಕೊಂದರು. ಉಳಿದ ಬೆರಳೆಣಿಕೆಯ ಮಂದಿ ದಶಕಗಳ ಕಾಲ ಕಣಿವೆಗಳಲ್ಲಿ ಅಡಗಿ ಬದುಕಿದರು. 1908ರಲ್ಲಿ ಸರ್ವೆಯವರು ಆಕಸ್ಮಿಕವಾಗಿ ಅವರ ಅಡಗುತಾಣಕ್ಕೆ ಬಂದು, ಅಲ್ಲಿದ್ದ ಸಾಮಾನುಗಳನ್ನು ಹೊತ್ತೊಯ್ದರು. 1911ರ ಆಗಸ್ಟ್‌ನಲ್ಲಿ ಒರೊವಿಲ್ ಊರಿನ ಬಳಿ ಹಸಿದು ಸೊರಗಿದ ಒಬ್ಬ ಮನುಷ್ಯ ಸಿಕ್ಕಿದ. ಯಾಹಿಗಳಲ್ಲಿ ಉಳಿದದ್ದು ಆತನೊಬ್ಬನೇ. ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಮತ್ತವರ ಸಂಗಡಿಗರು ಆತನನ್ನು ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಕರೆತಂದರು. ಕೊನೆಯವರೆಗೂ ಆತನ ಮನೆ ಅದೇ ಆಯಿತು.

ಪಕ್ಕದ ವೈದ್ಯಕೀಯ ಕಾಲೇಜಿನಲ್ಲಿದ್ದ ಪೋಪ್ ಇಶಿಗೆ ಚಿಕಿತ್ಸೆ ಕೊಡಲು ಬಂದವನು, ಬಿಲ್ವಿದ್ಯೆಯಲ್ಲಿ ಅವನ ಶಿಷ್ಯನಾದ. ಇಶಿ ಅಬ್ಸಿಡಿಯನ್ ಚೂರನ್ನು ಚರ್ಮ ಹಾಸಿದ ಅಂಗೈಯಲ್ಲಿಟ್ಟು, ಮೊನಚು ಸಲಾಕೆಯಿಂದ ಅಂಚನ್ನು ಒತ್ತಿ ಒತ್ತಿ ಚಕ್ಕೆ ಎಬ್ಬಿಸುತ್ತಿದ್ದ. ಅಬ್ಸಿಡಿಯನ್ ಸಿಗದಿದ್ದಾಗ ಬಾಟಲಿಯ ಗಾಜೂ ನಡೆಯುತ್ತಿತ್ತು. ದೂರದ ಗುರಿಹಲಗೆಗೆ ಬಾಣ ಬಿಡುವುದರಲ್ಲಿ ಆತ ಅಂಥ ನಿಪುಣನಾಗಿರಲಿಲ್ಲ. ಆತನ ವಿದ್ಯೆ ಬೇರೆ: ಸದ್ದಿಲ್ಲದೆ ಕಾಯುವುದು, ಮೊಲವನ್ನು ಕೂಗಿ ಕರೆಯುವುದು, ಜಿಂಕೆಯ ತಲೆಯ ಮುಖವಾಡ ತೊಟ್ಟು ಜಿಂಕೆಯನ್ನೇ ಹತ್ತಿರಕ್ಕೆ ಬರಮಾಡಿಕೊಳ್ಳುವುದು. 1916ರ ಮಾರ್ಚ್‌ನಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. ಚಿತೆಯಲ್ಲಿ ಆತನ ಜೊತೆ ಬಿಲ್ಲನ್ನೂ ಬಾಣಗಳನ್ನೂ ಇಟ್ಟರು.

ಆಧುನಿಕ ಬಿಲ್ಲುಬೇಟೆಯ ಚರಿತ್ರೆ ಶುರುವಾಗುವುದು ಇಲ್ಲಿಂದ. ಅಮೆರಿಕದ ಬೇಟೆಗಾರರು ‘ಬ್ರಾಡ್‌ಹೆಡ್’ ಎನ್ನುವ ಅಗಲ ಅಲಗಿನ ಆಯ್ಕೆಯ ಬಗ್ಗೆ ಇಂದಿಗೂ ನಡೆಸುವ ವಾದಗಳೆಲ್ಲ ಪೋಪ್‌ನ ಪೆಟ್ಟಿಗೆ ಕೇಳಿದ ಪ್ರಶ್ನೆಯ ಮುಂದುವರಿಕೆಯೇ. ಬಂದೂಕಿನ ಗುಂಡು ವೇಗದ ಆಘಾತದಿಂದ ಅಂಗಾಂಶವನ್ನು ಛಿದ್ರಮಾಡುತ್ತದೆ. ಬಾಣಕ್ಕೆ ಆ ಶಕ್ತಿಯಿಲ್ಲ. ಅದು ರಕ್ತನಾಳಗಳನ್ನು ಕೊಯ್ದು, ರಕ್ತ ಹರಿಸಿ ಕೊಲ್ಲುತ್ತದೆ. ಹರಿತವಾದ ಅಲಗು ಶ್ವಾಸಕೋಶಗಳನ್ನು ಹಾಯ್ದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಮೊಂಡಾದ ಅಲಗು ನಾಳಗಳನ್ನು ಕೊಯ್ಯದೆ ಪಕ್ಕಕ್ಕೆ ತಳ್ಳುತ್ತದೆ; ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡಿ, ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಅಲಗಿನ ಆಯ್ಕೆ ಬೇಟೆಗಾರನ ಶೋಕಿಗಿಂತ ಹೆಚ್ಚಾಗಿ ಪ್ರಾಣಿಯ ಸಾವಿನ ಸ್ವರೂಪಕ್ಕೆ ಸೇರಿದ ಮಾತು.

ಪೋಪ್ ಮತ್ತು ಆತನ ಗೆಳೆಯ ಆರ್ಥರ್ ಯಂಗ್ ಉಕ್ಕನ್ನೇ ಆರಿಸಿಕೊಂಡರು. ಗಾಜು ಕೊಯ್ಯುವುದರಲ್ಲಿ ಮೇಲು, ಆದರೆ ಎಲುಬಿಗೆ ತಗುಲಿದರೆ ಪುಡಿಯಾಗುತ್ತದೆ. ಅವರು ಉಕ್ಕಿನ ಅಲಗುಗಳನ್ನು ಕೈಯಾರೆ ಮಾಡಿ, ಅರದಿಂದ ಮಸೆದು ಬತ್ತಳಿಕೆ ತುಂಬಿಕೊಂಡರು. 1920ರಲ್ಲಿ ಮ್ಯೂಸಿಯಂ ಒಂದಕ್ಕಾಗಿ ಯೆಲ್ಲೊಸ್ಟೋನ್‌ನಲ್ಲಿ ಗ್ರಿಜ್ಲಿ ಕರಡಿಗಳನ್ನು ಬೇಟೆಯಾಡಿದರು. 1923ರಲ್ಲಿ ಪೋಪ್ ಬರೆದ ಪುಸ್ತಕ ಅಮೆರಿಕದ ಬಿಲ್ಲುಗಾರರ ಒಂದು ತಲೆಮಾರನ್ನೇ ಕಾಡಿಗೆ ಕಳಿಸಿತು. 1934ರಲ್ಲಿ ವಿಸ್ಕಾನ್ಸಿನ್ ರಾಜ್ಯ ಬಿಲ್ಲಿನಿಂದ ಜಿಂಕೆ ಹೊಡೆಯಲೆಂದೇ ಪ್ರತ್ಯೇಕ ಋತುವನ್ನು ಗೊತ್ತುಮಾಡಿತು.

1927ರಲ್ಲಿ ಡೆಟ್ರಾಯಿಟ್‌ನ ಚಿತ್ರಮಂದಿರದಲ್ಲಿ ಆರ್ಥರ್ ಯಂಗ್‌ನ ಅಲಾಸ್ಕಾ ಚಿತ್ರ ನೋಡಿದವರಲ್ಲಿ ಫ್ರೆಡ್ ಬೇರ್ ಎಂಬ ಯುವಕನೂ ಇದ್ದ. ಮುಂದೆ ಬಿಲ್ಲು ತಯಾರಿಸುವ ದೊಡ್ಡ ಕಾರ್ಖಾನೆ ಕಟ್ಟಿದವನು ಅವನೇ. 1950ರ ದಶಕದಲ್ಲಿ ಅವನು ತಂದ ‘ರೇಜರ್‌ಹೆಡ್’ ಒಂದು ಹಳೆಯ ತೊಡಕಿಗೆ ಉತ್ತರವಾಗಿತ್ತು. ಅರ ಹಿಡಿದು ಅಲಗು ಮಸೆಯುವುದು ಎಲ್ಲರ ಕೈಗೂ ಹತ್ತುವ ಕೆಲಸವಲ್ಲ. ಗಟ್ಟಿಯಾದ ಎರಡಂಚಿನ ಮುಖ್ಯ ಅಲಗಿನ ಸೀಳಿನಲ್ಲಿ, ಬೇಕೆಂದಾಗ ತೆಗೆದುಹಾಕಬಹುದಾದ ತೆಳ್ಳನೆಯ ಇನ್ನೊಂದು ಅಲಗನ್ನು ಬೇರ್ ಕೂರಿಸಿದ. ಹರಿತವನ್ನು ಅಂಗಡಿಯಲ್ಲಿ ಕೊಳ್ಳುವ ಕಾಲ ಹತ್ತಿರವಾಯಿತು.

ಆಮೇಲೆ ಬಿಲ್ಲೇ ಬದಲಾಯಿತು. ಮಿಸ್ಸೌರಿಯ ಹಾಲೆಸ್ ವಿಲ್ಬರ್ ಆಲೆನ್ ಬಿಲ್ಲಿನ ತುದಿಗಳಿಗೆ ರಾಟೆಗಳನ್ನು ಜೋಡಿಸಿ, 1969ರ ಕೊನೆಯಲ್ಲಿ ಕಾಂಪೌಂಡ್ ಬಿಲ್ಲಿಗೆ ಪೇಟೆಂಟ್ ಪಡೆದ. ಸಾಧಾರಣ ಬಿಲ್ಲಿನಲ್ಲಿ ಹೆದೆ ಎಳೆದಷ್ಟೂ ಭಾರ ಏರುತ್ತದೆ. ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ರಾಟೆ ತಿರುಗಿ ಭಾರ ಇಳಿಯುತ್ತದೆ. ಇಂದಿನ 70 ಪೌಂಡ್ ಬಿಲ್ಲಿನಲ್ಲಿ ಶೇ 80ರಷ್ಟು ಭಾರ ಇಳಿದರೆ ಬೆರಳ ಮೇಲೆ ಉಳಿಯುವುದು 14 ಪೌಂಡ್ ಮಾತ್ರ. ಕೈ ನಡುಗದೆ ಗುರಿ ನೋಡಲು ಬಿಡುವು ಸಿಕ್ಕಿತು. ಮರದ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತಿದ್ದರೆ, ಇದರ ಬಾಣ 85 ಮೀಟರ್ ದಾಟಿತು.

ಈ ವೇಗವೇ ಅಲಗಿಗೆ ಹೊಸ ಸಮಸ್ಯೆ ತಂದಿತು. ಬಾಣದ ಹಿಂದಿನ ಗರಿ ಅದನ್ನು ನೇರವಾಗಿ ಹಿಡಿದಿಡುತ್ತದೆ. ಮುಂದಿನ ಅಗಲ ಅಲಗು ಕೂಡ ಗಾಳಿಗೆ ಒಂದು ರೆಕ್ಕೆಯೇ. ನಿಧಾನದ ಬಾಣದಲ್ಲಿ ಇದು ಅಷ್ಟಾಗಿ ಕಾಣದು. ವೇಗ ಹೆಚ್ಚಿದಂತೆ ಮುಂದಿನ ರೆಕ್ಕೆ ಹಿಂದಿನದರ ಜೊತೆ ಜಗಳಕ್ಕೆ ನಿಲ್ಲುತ್ತದೆ, ಬಾಣ ದಾರಿ ತಪ್ಪುತ್ತದೆ. ಅಭ್ಯಾಸದ ಮೊಳೆಯಂಥ ತುದಿ ನಡುಚುಕ್ಕೆಗೆ ಬಿದ್ದ ಕಡೆ ಅಲಗಿನ ಬಾಣ ಅಂಗೈಯಗಲ ಆಚೆ ಬೀಳಬಹುದು. ಜಿಂಕೆಯ ಮೈಯಲ್ಲಿ ಆ ಅಂಗೈಯಗಲವೇ ಶ್ವಾಸಕೋಶಕ್ಕೂ ಹೊಟ್ಟೆಗೂ ಇರುವ ಅಂತರ.

ತಯಾರಕರು ಎರಡು ದಾರಿ ಹಿಡಿದರು. ಒಂದು, ಅಲಗನ್ನು ಗಿಡ್ಡ ಮಾಡಿ, ಬ್ಲೇಡಿನಂತೆ ಬದಲಿಸಬಹುದಾದ ಮೂರು ನಾಲ್ಕು ತೆಳು ಅಲಗುಗಳನ್ನು ಒಂದೇ ತುದಿಯಲ್ಲಿ ಜೋಡಿಸುವುದು. ಇನ್ನೊಂದು, ಹಾರುವಾಗ ಮಡಚಿಕೊಂಡಿದ್ದು ಪ್ರಾಣಿಗೆ ತಾಗಿದೊಡನೆ ಅರಳುವ ಮೆಕ್ಯಾನಿಕಲ್ ಅಲಗು. ಮಡಚಿದ ಅಲಗು ಅಭ್ಯಾಸದ ತುದಿಯಂತೆಯೇ ನೇರ ಹಾರುತ್ತದೆ. ಅರಳಿದಾಗ ಎರಡು ಇಂಚಿನಷ್ಟು ಅಗಲ ಕೊಯ್ಯಬಲ್ಲದು. ಆದರೆ ಅರಳುವುದಕ್ಕೂ ಅಗಲವಾಗಿ ಕೊಯ್ಯುವುದಕ್ಕೂ ಬಾಣದ ಶಕ್ತಿಯೇ ಖರ್ಚಾಗಬೇಕು. ಹಗುರ ಬಿಲ್ಲಿನವರಿಗೆ, ಓರೆಯಾಗಿ ತಾಗಿದಾಗ, ಭುಜದ ಎಲುಬಿಗೆ ಬಡಿದಾಗ ಅದು ಕೈಕೊಡಬಹುದು.

ಮೂರನೆಯ ದನಿ ಆಫ್ರಿಕದಿಂದ ಬಂತು. ಅಮೆರಿಕದ ಎಡ್ ಆಶ್ಬಿ 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲ್‌ನಲ್ಲಿ, ಬಾಣ ತಾಗಿದ ಪ್ರಾಣಿಗಳ ಗಾಯಗಳನ್ನು ಒಂದೊಂದಾಗಿ ಬಿಡಿಸಿ ನೋಡಿ ಲೆಕ್ಕ ಬರೆದ. ಎಲುಬನ್ನು ದಾಟಬೇಕಾದರೆ ವೇಗಕ್ಕಿಂತ ಭಾರ ಮುಖ್ಯ, ಅಲಗುಗಳ ಸಂಖ್ಯೆಗಿಂತ ಗಟ್ಟಿತನ ಮುಖ್ಯ ಎಂಬುದು ಆತನ ತೀರ್ಮಾನ. ಪ್ರತಿ ಅಂಚನ್ನೂ ಒಂದೇ ಮಗ್ಗುಲಲ್ಲಿ ಮಸೆದ ಎರಡಂಚಿನ ಕಿರಿದಾದ ಅಲಗು ಒಳಹೊಗುವಾಗ ತಿರುಗಿ ಎಲುಬನ್ನು ಸೀಳುತ್ತದೆ ಎಂದ. ದಪ್ಪ ಎಲುಬಿಗೆ ಬಾಣ ಸುಮಾರು 42 ಗ್ರಾಂ ಇರಬೇಕು ಎಂದ. ಸಾಮಾನ್ಯ ಕಾಂಪೌಂಡ್ ಬಾಣ 26ರಿಂದ 29 ಗ್ರಾಂ.

ಹೀಗಾಗಿ ಎಲ್ಲರಿಗೂ ಒಪ್ಪುವ ಒಂದೇ ಅಲಗು ಇಲ್ಲ. ಬಿಲ್ಲು ಹಗುರವಾಗಿದ್ದರೆ, ಪ್ರಾಣಿ ದೊಡ್ಡದಾಗಿದ್ದರೆ ಕಿರಿದಾದ ಸ್ಥಿರ ಅಲಗು. ಬಲವಾದ ಬಿಲ್ಲು, ಜಿಂಕೆಯಂಥ ಪ್ರಾಣಿ ಎಂದಾದರೆ ಅರಳುವ ಅಲಗೂ ಆದೀತು. ಯಾವುದೇ ಇರಲಿ, ಬೇಟೆಗೆ ಒಯ್ಯುವ ಅಲಗನ್ನೇ ಹಾಕಿ ಅಭ್ಯಾಸ ಮಾಡಿರಬೇಕು, ಒಮ್ಮೆ ಬಳಸಿದ್ದನ್ನು ಮಸೆಯದೆ ಮತ್ತೆ ಹೂಡಬಾರದು. ಅಮೆರಿಕದ ಹಲವು ರಾಜ್ಯಗಳ ಕಾನೂನು ಅಲಗು ಕನಿಷ್ಠ 7/8 ಇಂಚು ಅಗಲವಿರಬೇಕು ಎನ್ನುತ್ತದೆ. ಹಿಮ್ಮುಳ್ಳಿರುವ ಅಲಗಿಗೆ ಹಲವೆಡೆ ನಿಷೇಧವಿದೆ. ತಪ್ಪಿಸಿಕೊಂಡ ಪ್ರಾಣಿಯ ಮೈಯಿಂದ ಬಾಣ ಕಳಚಿ ಬೀಳಲಿ ಎಂದು.

ಕೆಲವು ದೇಶಗಳು ಈ ಚರ್ಚೆಗೇ ಇಳಿಯಲಿಲ್ಲ. ಜಿಂಕೆಗೆ ಬಾಣ ಬಿಡುವುದನ್ನು ಇಂಗ್ಲೆಂಡ್ 1963ರ ಕಾಯ್ದೆಯಲ್ಲೇ ನಿಲ್ಲಿಸಿತು. ಫ್ರಾನ್ಸ್ 1995ರಲ್ಲಿ ಬಿಲ್ಲುಬೇಟೆಗೆ ಅನುಮತಿ ಕೊಟ್ಟಿತು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಬಾಗಿಲು ಮುಚ್ಚಿತು. ಇಲ್ಲಿ ಕಾಂಪೌಂಡ್ ಬಿಲ್ಲು ಉಳಿದದ್ದು ಮೈದಾನದಲ್ಲಿ. ಸಾತಾರಾದಲ್ಲಿ ತರಬೇತಿ ಪಡೆದ ಅದಿತಿ ಸ್ವಾಮಿ ಮತ್ತು ಓಜಸ್ ದೇವತಳೆ 2023ರಲ್ಲಿ ಬರ್ಲಿನ್‌ನಲ್ಲಿ ವಿಶ್ವ ಚಾಂಪಿಯನ್ನರಾದರು. ಬೇಟೆಗಾರನೊಬ್ಬ ಹುಟ್ಟುಹಾಕಿದ ಬಿಲ್ಲು ಅದು. ಅವರ ಬಾಣದ ತುದಿಯಲ್ಲಿ ಅಲಗಿಲ್ಲ.

ಇಶಿ ಮಾಡಿದ ಅಲಗುಗಳು ಇಂದು ಬರ್ಕ್ಲಿಯ ಮ್ಯೂಸಿಯಂನಲ್ಲಿವೆ. ಕೆಲವು ಅಬ್ಸಿಡಿಯನ್‌ನವು, ಕೆಲವು ಬಾಟಲಿಯ ಗಾಜಿನವು. ಆ ಅಂಚುಗಳ ಹರಿತವನ್ನು ಉಕ್ಕು ಇನ್ನೂ ಮೀರಿಲ್ಲ. ಆದರೆ ಅವನ್ನು ಮಾಡಿದವನು ಅಲಗನ್ನಷ್ಟೇ ನಂಬಿ ಕೂತವನಲ್ಲ. ಬಾಣ ಬಿಡುವ ಮೊದಲು ಜಿಂಕೆ ತೀರ ಹತ್ತಿರ ಬರುವವರೆಗೆ ಕಾಯುತ್ತಿದ್ದ.