ಗುರುಗ್ರಹದ ರೇಡಿಯೋ ವಿಕಿರಣ

ಗುರುಗ್ರಹದ ರೇಡಿಯೋ ವಿಕಿರಣವು ಆ ಗ್ರಹದ ಕಾಂತಗೋಳದಲ್ಲಿ, ಮುಖ್ಯವಾಗಿ ಧ್ರುವಪ್ರಭೆ ಮೂಡುವ ಪ್ರದೇಶಗಳ ಮೇಲ್ಭಾಗದಲ್ಲಿ, ಹುಟ್ಟುವ ರೇಡಿಯೋ ತರಂಗಗಳ ಸಮೂಹ. ಇವುಗಳಲ್ಲಿ ಸುಮಾರು 10ರಿಂದ 40 ಮೆಗಾಹರ್ಟ್ಸ್ ಆವೃತ್ತಿಯವು ಭೂಮಿಯ ಮೇಲಿನ ಸಾಧಾರಣ ಆಂಟೆನಾಗಳಿಗೂ ದೊರೆಯುತ್ತವೆ. ಅದಕ್ಕಿಂತ ಕಡಿಮೆ ಆವೃತ್ತಿಯವನ್ನು ನಮ್ಮ ಅಯಾನುಗೋಳ ಬಹುಪಾಲು ತಡೆಯುತ್ತದೆ.

ಅನ್ವೇಷಣೆ

1955ರಲ್ಲಿ ಅಮೆರಿಕದ ಬರ್ನಾರ್ಡ್ ಬರ್ಕ್ ಮತ್ತು ಕೆನೆತ್ ಫ್ರಾಂಕ್ಲಿನ್ 22.2 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಪರಿಶೀಲಿಸುತ್ತಿದ್ದಾಗ ಆಗಾಗ ಒಂದು ಗದ್ದಲ ದಾಖಲಾಗುತ್ತಿತ್ತು. ಯಾವುದೋ ವಾಹನದ ಎಂಜಿನ್ನಿನ ಕಿಡಿಯಿಂದ ಬಂದುದೆಂದು ಮೊದಲು ಊಹಿಸಲಾಯಿತು. ಆದರೆ ಅದು ನಕ್ಷತ್ರಗಳಂತೆ ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ ಬರುತ್ತಿತ್ತು; ಅದರ ಸ್ಥಾನವು ಗುರುಗ್ರಹದ ಚಲನೆಗೆ ಹೊಂದಿಕೆಯಾಯಿತು. ಆಸ್ಟ್ರೇಲಿಯದ ಅಲೆಕ್ಸಾಂಡರ್ ಶೇನ್ ತಮ್ಮ 1950–51ರ ದಾಖಲೆಗಳನ್ನು ಮತ್ತೆ ತೆರೆದು ನೋಡಿದಾಗ ಅಲ್ಲಿಯೂ ಅದೇ ಸಂಕೇತಗಳಿದ್ದವು. ಕೈಗೆ ಬಂದಿದ್ದ ಶೋಧವನ್ನು ನೆಲದ ಮೇಲಿನ ಅಡಚಣೆಯೆಂದು ಬದಿಗಿಡಲಾಗಿತ್ತು.

ಈ ಶೋಧದಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಗುರುವಿಗೆ ಘನ ನೆಲವಿಲ್ಲ. ಅದರ ಮೋಡಗಳ ಪಟ್ಟಿಗಳು ಒಂದೇ ವೇಗದಲ್ಲಿ ಸುತ್ತುವುದೂ ಇಲ್ಲ. ಆದ್ದರಿಂದ ಗ್ರಹದ ನಿಜವಾದ ದಿನಮಾನವನ್ನು ರೇಡಿಯೋ ಸ್ಫೋಟಗಳ ಆವರ್ತನೆಯಿಂದಲೇ ನಿರ್ಧರಿಸಬೇಕಾಯಿತು: 9 ಗಂಟೆ 55 ನಿಮಿಷ 30 ಸೆಕೆಂಡು. ಎರಡನೆಯದು ಕಾಂತಕ್ಷೇತ್ರದ ಇರುವಿಕೆ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಪ್ರತಿ ಗಾಸ್‌ಗೆ 2.8 ಮೆಗಾಹರ್ಟ್ಸ್‌ನಂತೆ ಸುತ್ತುತ್ತವೆ. ವಿಕಿರಣವು 40 ಮೆಗಾಹರ್ಟ್ಸ್ ಸುಮಾರಿಗೆ ನಿಂತುಹೋಗುವುದರಿಂದ, ಅದು ಹುಟ್ಟುವ ಎಡೆಯಲ್ಲಿ ಕ್ಷೇತ್ರದ ಬಲ ಹೆಚ್ಚೆಂದರೆ 14 ಗಾಸ್‌ನಷ್ಟು ಎಂದಾಯಿತು. ಭೂಮಿಯ ಮೇಲ್ಮೈಯಲ್ಲಿ ಇದು 0.3ರಿಂದ 0.6 ಗಾಸ್ ಮಾತ್ರ. ಪಯೋನಿಯರ್ 10 ನೌಕೆ ಗುರುವನ್ನು ಸಮೀಪಿಸಿದ್ದು 1973ರ ಡಿಸೆಂಬರಿನಲ್ಲಿ. ಕಾಂತಕ್ಷೇತ್ರದ ಸುಳಿವು ಅದಕ್ಕೆ ಎಷ್ಟೋ ಮೊದಲೇ ಸಿಕ್ಕಿತ್ತು.

ಅಯೋ ಉಪಗ್ರಹದ ಪಾತ್ರ

ಸ್ಫೋಟಗಳು ಅಯೋ ಉಪಗ್ರಹದ ಸ್ಥಾನವನ್ನು ಅವಲಂಬಿಸಿವೆಯೆಂದು 1964ರಲ್ಲಿ ಇ. ಕೆ. ಬಿಗ್ ತೋರಿಸಿದರು. ಅಯೋದ ಜ್ವಾಲಾಮುಖಿಗಳ ಅನಿಲದಿಂದ ಸೆಕೆಂಡಿಗೆ ಸುಮಾರು ಒಂದು ಟನ್ ದ್ರವ್ಯ ಕಾಂತಗೋಳವನ್ನು ಸೇರುತ್ತದೆ. ಅಯೋ ಮತ್ತು ಗುರುವಿನ ನಡುವೆ ಕಾಂತರೇಖೆಗಳ ಗುಂಟ ವಿದ್ಯುತ್ ಹರಿದು, ಗುರುವಿನ ಧ್ರುವಪ್ರಭೆಯಲ್ಲಿ ಒಂದು ಬೆಳಕಿನ ಚುಕ್ಕೆಯನ್ನೂ ಮೂಡಿಸುತ್ತದೆ.

ಕರ್ನಾಟಕದಲ್ಲಿ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ಬಳಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜಂಟಿಯಾಗಿ 1970ರ ದಶಕದಲ್ಲಿ ಕಟ್ಟಿದ 'ಟಿ' ಆಕಾರದ ದೂರದರ್ಶಕವು 1000 ದ್ವಿಧ್ರುವ ಆಂಟೆನಾಗಳ ಸಾಲು. ಅದರ 34.5 ಮೆಗಾಹರ್ಟ್ಸ್ ಆವೃತ್ತಿಯು ಗುರುವಿನ ವಿಕಿರಣದ ವ್ಯಾಪ್ತಿಯೊಳಗೇ ಬರುತ್ತದೆ.

ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಭೂಮಿಯ ಧ್ರುವಪ್ರಭೆಯನ್ನು ಕಾಣುವ ನಿರೀಕ್ಷೆಯಿಲ್ಲ. ಆದರೆ ಗುರುವು ಇಲ್ಲಿ ಆಗಸದಲ್ಲಿ ಎತ್ತರಕ್ಕೇರುತ್ತದೆ. ವಿದ್ಯುತ್ ತಂತಿಗಳಿಂದ ದೂರದ ಹೊಲದಲ್ಲಿ, 20 ಮೆಗಾಹರ್ಟ್ಸ್ ಆಸುಪಾಸಿನ ಶಾರ್ಟ್‌ವೇವ್ ಗ್ರಾಹಕಕ್ಕೆ ಏಳು ಮೀಟರಿನಷ್ಟು ಉದ್ದದ ತಂತಿಯ ದ್ವಿಧ್ರುವ ಆಂಟೆನಾ ಜೋಡಿಸಿ, ಅಯೋ ಅನುಕೂಲ ಸ್ಥಾನದಲ್ಲಿರುವ ರಾತ್ರಿ ಆಲಿಸಬಹುದು. ದೀರ್ಘ ಸ್ಫೋಟಗಳು ದಡಕ್ಕೆ ಬಡಿಯುವ ಅಲೆಗಳಂತೆಯೂ, ಕಿರು ಸ್ಫೋಟಗಳು ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆಯೂ ಕೇಳಿಸುತ್ತವೆ.