ಒಂದಾಣೆ, ಒಂದು ರಾತಲು ಜೋಳ

1884ರ ವಿಜಾಪುರ ಜಿಲ್ಲಾ ಗೆಜೆಟಿಯರ್‌ನಲ್ಲಿ ಕಾಳಿನ ಧಾರಣೆಯನ್ನು ಓದುವ ಬಗೆ ಬೇರೆ. ಜೋಳಕ್ಕೆ ಎಷ್ಟು ರೂಪಾಯಿ ಎಂದಲ್ಲ, ರೂಪಾಯಿಗೆ ಎಷ್ಟು ರಾತಲು (ಪೌಂಡು) ಜೋಳ ಎಂಬುದು ಅಲ್ಲಿಯ ಲೆಕ್ಕ. ಅಂಕಿ ಇಳಿದರೆ ತುಟ್ಟಿ, ಏರಿದರೆ ಸೋವಿ. ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಆಗ ಆ ಜಿಲ್ಲೆಯ ತಾಲೂಕುಗಳು.

1876-77ರ ಬರ ಬಂದಾಗ ಜಿಲ್ಲೆಗೆ ಕಲಾದಗಿ ಎಂಬ ಹೆಸರಿತ್ತು. ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆಯುವವರಿಗೆ ಎಷ್ಟು ಕೂಲಿ ಕೊಡಬೇಕು? ಮುಂಬಯಿ ಸರ್ಕಾರ ಒಂದು ಸೂತ್ರ ಹಾಕಿತು. ರೂಪಾಯಿಗೆ 16 ರಾತಲು ಕಾಳೂ ಸಿಗದಷ್ಟು ತುಟ್ಟಿಯಾದರೆ, ಗಂಡಾಳಿಗೆ ಒಂದಾಣೆಯ ಜೊತೆಗೆ ಒಂದು ರಾತಲು ಕಾಳಿನ ಅಂದಿನ ಬೆಲೆ. ಕಾಳು ತುಟ್ಟಿಯಾದ ಹಾಗೆ ಕೂಲಿಯೂ ಏರಬೇಕು. ನೌಕರರು ಇಂದು ಪಡೆಯುವ ತುಟ್ಟಿಭತ್ಯೆಯ ಹಿರಿಯಜ್ಜ ಇದೇ ಎನ್ನುತ್ತೇನೆ. ಆದರೆ ಈ ಸೂತ್ರ ಬೆಲೆ ಅಳೆಯಲು ಹಿಡಿದ ಸರಕುಗಳ ಬುಟ್ಟಿಯಲ್ಲಿ ಇದ್ದದ್ದು ಕಾಳು ಮಾತ್ರ. 1877ರ ಜನವರಿಯಲ್ಲಿ ಬರದ ಪರಿಶೀಲನೆಗೆ ವೈಸ್‌ರಾಯ್ ಕಳಿಸಿದ ರಿಚರ್ಡ್ ಟೆಂಪಲ್ ಕೂಡ ದುಡಿಯುವವನಿಗೆ ದಿನಕ್ಕೆ ಒಂದು ರಾತಲು ಸಾಕು ಎಂದೇ ವಾದಿಸಿದರು. 1872ರ ಜನಗಣತಿಗೂ 1881ರದಕ್ಕೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿಯಿತು. ಆ ಒಂದು ರಾತಲಿನ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ನಾನು ಇಳಕಲ್ಲದ ನೇಕಾರರ ಮನೆಯವಳು, ಅರ್ಥಶಾಸ್ತ್ರ ಕಲಿಸಿದವಳು. ಹಾಗಾಗಿ ಈ ಲೆಕ್ಕದಲ್ಲಿ ಮಗ್ಗ ಎಲ್ಲಿದೆ ಎಂದು ಹುಡುಕುತ್ತೇನೆ. ಬರದಲ್ಲಿ ಜನ ಮೊದಲು ಕೈಬಿಡುವುದು ಬಟ್ಟೆಯನ್ನು. ಜೋಳ ತುಟ್ಟಿ, ಸೀರೆ ಸೋವಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಸರಾಸರಿ ತೆಗೆದರೆ ಬೆಲೆ ಅಷ್ಟೇನೂ ಏರಿಲ್ಲ ಅನ್ನಿಸೀತು. ಸೀರೆ ಮಾರಿ ಜೋಳ ಕೊಳ್ಳಬೇಕಾದ ನೇಕಾರ ಮಾತ್ರ ಎರಡೂ ಕಡೆಯಿಂದ ಪೆಟ್ಟು ತಿಂದಿರುತ್ತಾನೆ. ಯಾರ ಬುಟ್ಟಿ ಎಂದು ಕೇಳದೆ ಬೆಲೆಯೇರಿಕೆಯ ಮಾತು ಆಡುವ ಹಾಗಿಲ್ಲ. ಸರಕಿನ ಗುಣವನ್ನೂ ಕೇಳಬೇಕು: ಸೆರಗಿನ ರೇಷ್ಮೆ ಹೋಗಿ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ) ಬಂದಾಗ ಸೀರೆಯ ಬೆಲೆ ಇಳಿಯಿತು ಎಂದು ಬರೆದುಕೊಳ್ಳುವುದು ತಪ್ಪು, ಅದು ಬೇರೆಯೇ ಸೀರೆ.

ಬೆಲೆಯ ಲೆಕ್ಕಕ್ಕಿಂತ ದೇಶದ ವರಮಾನದ ಲೆಕ್ಕ ಇನ್ನೂ ಕಷ್ಟದ್ದು. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋದ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ಬ್ರಿಟಿಷ್ ಇಂಡಿಯಾದ 1931-32ರ ತಲಾ ವರಮಾನ 62 ರೂಪಾಯಿ ಎಂದು ಅಂದಾಜು ಮಾಡಿದರು. ಹೊಲದ ಬೆಳೆಗೆ ಬೆಲೆ ಕಟ್ಟಿದರು. ಕಸುಬು, ವ್ಯಾಪಾರಗಳಲ್ಲಿ ದುಡಿಯುವವರ ಸಂಖ್ಯೆಯನ್ನು ಅವರ ಗಳಿಕೆಯಿಂದ ಗುಣಿಸಿದರು. ಸರಿಯಾದ ಅಂಕಿಅಂಶವೇ ಇಲ್ಲದ ಕಾಲದಲ್ಲಿ ಅಷ್ಟು ಮಾಡಿದ್ದು ದೊಡ್ಡ ಕೆಲಸ. 1949ರ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅಧ್ಯಕ್ಷರು, ಅರ್ಥಶಾಸ್ತ್ರಜ್ಞ ಗಾಡ್ಗೀಳರ ಜೊತೆ ರಾವ್ ಸದಸ್ಯರು.

ಈ ಲೆಕ್ಕ ನಮ್ಮ ಮನೆಯೊಳಗೆ ಬಂದರೆ ಹೇಗಿರುತ್ತದೆ? ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ, ಅವ್ವ ರಾಟಿ ಮುಂದೆ ಕಂಡಿಕೆ ಸುತ್ತುವಳು. ಸೆರಗಿನ ರೇಷ್ಮೆ ಹಾಸಿಗೂ ಒಡಲಿನ ಹತ್ತಿ ಹಾಸಿಗೂ ಎಳೆಗೆ ಎಳೆ ಕೂಡಿಸಿ ಕೊಂಡಿ ಹಾಕುವಾಗ ಅವಳ ಕೈಯೂ ಬೇಕು. ಸಾವುಕಾರರು ಮಜೂರಿ ಎಣಿಸುತ್ತಿದ್ದದ್ದು ಅಪ್ಪನ ಕೈಗೆ. ಸೀರೆಯ ಬೆಲೆಯಲ್ಲಿ ನೂಲು, ರೇಷ್ಮೆ, ಬಣ್ಣದ ಖರ್ಚು ಕಳೆದು ಉಳಿದದ್ದು ದೇಶದ ವರಮಾನಕ್ಕೆ ಸೇರುತ್ತದೆ. ಅದರೊಳಗೆ ಅವ್ವನ ಕಂಡಿಕೆಯೂ ಇದೆ, ಅವಳ ಹೆಸರಿಲ್ಲದೆ. ಅದೇ ಕೈ ರೊಟ್ಟಿ ಬಡಿಯಲು ಎದ್ದರೆ ಆ ಗಂಟೆ ಲೆಕ್ಕದಿಂದ ಹೊರಗೆ. ಮನೆಯವರಿಗೆ ಮನೆಯವರೇ ಮಾಡುವ ಸೇವೆಯನ್ನು ಜಿಡಿಪಿ ಎಣಿಸುವುದಿಲ್ಲ.

2019ರಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ, ಜನ ಇಡೀ ದಿನ ಏನೇನು ಮಾಡುತ್ತಾರೆಂದು ದೇಶದಾದ್ಯಂತ ಆಯ್ದ ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡಿತು. ಸಂಬಳವಿಲ್ಲದ ಮನೆಗೆಲಸದ ಗಂಟೆಗಳು ಅದರಲ್ಲಿ ದಾಖಲಾಗಿವೆ. ಜಿಡಿಪಿಗೆ ಸೇರಿಸದಿದ್ದರೂ, ವರ್ಷವರ್ಷ ಅದರ ಪಕ್ಕದಲ್ಲೇ ಆ ಗಂಟೆಗಳನ್ನೂ ಅಚ್ಚು ಹಾಕಬೇಕು.